ನಡುದಾರಿಯಲ್ಲಿ ಎಂಜಿನ್ ಕೈಕೊಟ್ಟರೆ: ಅಮೆರಿಕದಲ್ಲಿ ವಾರಂಟಿ ನಡೆಯುವ ಬಗೆ

ಚಳಿಗಾಲದ ಒಂದು ಸಂಜೆ ನ್ಯೂಜೆರ್ಸಿಯ ಐ-287 ಹೈವೇಯಲ್ಲಿ ನನ್ನ ಕಾರು ನಿಂತುಹೋಯಿತು. ಹತ್ತು ಸೆಕೆಂಡು ಕಟಕಟ ಸದ್ದು, ಆಮೇಲೆ ಎಣ್ಣೆ ಡಬ್ಬಿ ಚಿತ್ರದ ಕೆಂಪು ದೀಪ, ಆಮೇಲೆ ಏನೂ ಇಲ್ಲ. ಮೀಟರ್‌ನಲ್ಲಿ 41,000 ಮೈಲಿ ಆಗಿತ್ತು. ಎಂಜಿನ್ನಿನ ವಾರಂಟಿ 60,000ದವರೆಗೆ ಇತ್ತು. "ವಾರಂಟಿ ಇದೆ ಅಲ್ವಾ, ಮತ್ತೇನು ಚಿಂತೆ?" ಎಂದಳು ಹೆಂಡತಿ ಫೋನಿನಲ್ಲಿ. ನಾನೂ ಹಾಗೇ ಅಂದುಕೊಂಡಿದ್ದೆ. ಕಾರು ಮನೆಗೆ ಬಂದದ್ದು ಏಳು ವಾರ ಕಳೆದ ಮೇಲೆ. ಆ ಏಳು ವಾರದಲ್ಲಿ ಎಂಜಿನ್ ಬಗ್ಗೆ ಕಲಿತದ್ದಕ್ಕಿಂತ ಕಾಗದಪತ್ರದ ಬಗ್ಗೆ ಕಲಿತದ್ದೇ ಜಾಸ್ತಿ.

ಮೊದಲು ರಸ್ತೆಯ ಮಾತು. ಓಡುವಾಗಲೇ ಎಂಜಿನ್ ಸತ್ತರೆ ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯಾಗುತ್ತದೆ, ಆದರೆ ಜೋರಾಗಿ ತಿರುಗಿಸಿದರೆ ತಿರುಗುತ್ತದೆ. ಬ್ರೇಕಿಗೆ ಒಂದೆರಡು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ. ಪದೇಪದೇ ಒತ್ತಿ ಅದನ್ನು ಖಾಲಿ ಮಾಡಬೇಡಿ. ಒಂದೇ ಸಲ ಒತ್ತಿ ಹಿಡಿಯಿರಿ. ಹಝಾರ್ಡ್ ದೀಪ ಹಾಕಿ, ಇರುವ ವೇಗದಲ್ಲೇ ಬಲಗಡೆಯ ರಸ್ತೆಯಂಚಿನ ಶೋಲ್ಡರ್‌ಗೆ ತೇಲಿಸಿಕೊಂಡು ಹೋಗಿ. ಓಡುತ್ತಿರುವಾಗ ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗಬಹುದು. ಲೇನ್ ನಡುವೆಯೇ ಸಿಕ್ಕಿಕೊಂಡರೆ ಸಂಕೋಚ ಬೇಡ, ನೇರವಾಗಿ 911ಕ್ಕೆ ಫೋನ್ ಮಾಡಿ. "ಇಷ್ಟಕ್ಕೆಲ್ಲ ಪೊಲೀಸರನ್ನು ಕರೆಯೋದಾ" ಅನ್ನುವ ಹಿಂಜರಿಕೆ ನಮ್ಮವರಲ್ಲಿ ತುಂಬಾ ಇದೆ. ಇಲ್ಲಿ ಅದು ಅವರ ಕೆಲಸದ ಭಾಗವೇ.

ಎಣ್ಣೆಯ ಕೆಂಪು ದೀಪ ಬಂದ ಮೇಲೆ "ಇನ್ನೊಂದು ಎಕ್ಸಿಟ್ ತಾನೇ" ಎಂದು ಓಡಿಸಬೇಡಿ. ಎಣ್ಣೆಯ ಒತ್ತಡ ಇಲ್ಲದಿದ್ದರೆ ಬೇರಿಂಗುಗಳು ಒಂದೆರಡು ನಿಮಿಷದಲ್ಲೇ ಹಾಳಾಗಬಹುದು. ಅದಕ್ಕಿಂತ ಮುಖ್ಯವಾಗಿ, ದೀಪ ಬಂದ ಮೇಲೂ ಓಡಿಸಿದ್ದಾರೆ ಎನ್ನುವುದೇ ಮುಂದೆ ವಾರಂಟಿ ನಿರಾಕರಿಸಲು ಒಂದು ನೆಪ ಆಗುತ್ತದೆ. ನಿಂತ ಕೂಡಲೇ ಡ್ಯಾಶ್‌ಬೋರ್ಡಿನ ಫೋಟೋ ತೆಗೆಯಿರಿ: ದೀಪಗಳು, ಮೈಲಿ, ಸಮಯ. ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ.

ಟೋಯಿಂಗ್, ಅಂದರೆ ನಿಂತ ಕಾರನ್ನು ಎಳೆದೊಯ್ಯುವ ಸೇವೆ, ಸಾಮಾನ್ಯವಾಗಿ ಮೂರು ದಾರಿಯಲ್ಲಿ ಸಿಗುತ್ತದೆ. ಒಂದು, ಕಾರು ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸ್. ಹೊಸ ಕಾರಿನ ಜೊತೆ ಕೆಲವು ವರ್ಷ ಇದು ಬಿಟ್ಟಿಯಾಗಿ ಬರುತ್ತದೆ, ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಎರಡು, ನಿಮ್ಮ ಇನ್ಶೂರೆನ್ಸ್ ಪಾಲಿಸಿಯಲ್ಲಿ ಸೇರಿಸಿಕೊಂಡಿರುವ ಸೌಲಭ್ಯ. ಮೂರು, ಟ್ರಿಪಲ್ ಎ ಎಂಬ ವಾಹನ ಸವಾರರ ಸಂಘದ ಸದಸ್ಯತ್ವ. ಅದರ ಕೆಳಗಿನ ದರ್ಜೆಯಲ್ಲಿ ಕೆಲವೇ ಮೈಲಿ ಎಳೆಯುತ್ತಾರೆ, ಪ್ಲಸ್ ದರ್ಜೆಯಲ್ಲಿ 100 ಮೈಲಿವರೆಗೆ. ನ್ಯೂಜೆರ್ಸಿ ಟರ್ನ್‌ಪೈಕ್, ಗಾರ್ಡನ್ ಸ್ಟೇಟ್ ಪಾರ್ಕ್‌ವೇಯಂಥ ಟೋಲ್ ರಸ್ತೆಗಳಲ್ಲಿ ಆ ರಸ್ತೆಯವರು ಒಪ್ಪಿದ ಟೋ ಗಾಡಿಗಳೇ ಬರಬೇಕು. ರಸೀದಿ ಇಟ್ಟುಕೊಳ್ಳಿ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರಾದರೆ ಫ್ಲಾಟ್‌ಬೆಡ್ (ಇಡೀ ಕಾರನ್ನು ಹೊತ್ತೊಯ್ಯುವ ಲಾರಿ) ಬೇಕು ಎಂದು ಮೊದಲೇ ಹೇಳಿ. ಎರಡು ಚಕ್ರ ನೆಲದ ಮೇಲೆ ಎಳೆದರೆ ಗೇರ್‌ಬಾಕ್ಸೂ ಹಾಳು.

ಎಲ್ಲಿಗೆ ಎಳೆಸಬೇಕು? ಪರಿಚಯದ ಗ್ಯಾರೇಜಿಗೆ ಬೇಡ. ವಾರಂಟಿ ಕೆಲಸ ಆಗುವುದು ಆ ಬ್ರ್ಯಾಂಡಿನ ಅಧಿಕೃತ ಡೀಲರ್ ಹತ್ತಿರ ಮಾತ್ರ. ಆದರೆ ನೀವು ಕಾರು ಕೊಂಡ ಡೀಲರೇ ಆಗಬೇಕಿಲ್ಲ. ಅದೇ ಬ್ರ್ಯಾಂಡಿನ ಯಾವ ಡೀಲರ್ ಆದರೂ ಸರಿ. ದೊಡ್ಡ ಸರ್ವೀಸ್ ವಿಭಾಗ ಇರುವ ಕಡೆಗೆ ಕಳಿಸುವುದು ಒಳ್ಳೆಯದು ಅನ್ನುವುದು ನನ್ನ ಅನುಭವ. ಎಂಜಿನ್ ಇಳಿಸುವ ಕೆಲಸ ಚಿಕ್ಕ ಜಾಗದಲ್ಲಿ ಸರದಿಯ ಕೊನೆಗೆ ಹೋಗುತ್ತದೆ.

ಇನ್ನು ವಾರಂಟಿ. ಇಲ್ಲಿ ಹೊಸ ಕಾರಿಗೆ ಒಂದಲ್ಲ, ಹಲವು ವಾರಂಟಿಗಳು ಇರುತ್ತವೆ. ಬಹುತೇಕ ಕಂಪನಿಗಳದ್ದು ಇಡೀ ಕಾರಿಗೆ 3 ವರ್ಷ ಅಥವಾ 36,000 ಮೈಲಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿದ ಪವರ್‌ಟ್ರೇನ್‌ಗೆ 5 ವರ್ಷ ಅಥವಾ 60,000 ಮೈಲಿ. ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಹ್ಯುಂಡೈ, ಕಿಯಾ ಪವರ್‌ಟ್ರೇನ್‌ಗೆ 10 ವರ್ಷ, 1,00,000 ಮೈಲಿ ಕೊಡುತ್ತವೆ, ಆದರೆ ಅದು ಮೊದಲ ಮಾಲೀಕರಿಗೆ. ಅದೇ ಕಾರನ್ನು ಸ್ನೇಹಿತರಿಂದ ಸೆಕೆಂಡ್ ಹ್ಯಾಂಡ್ ಕೊಂಡರೆ ನಿಮಗೆ ಸಿಗುವುದು 5 ವರ್ಷ, 60,000 ಮೈಲಿ ಮಾತ್ರ. ಓದಲು ಬಂದ ಹುಡುಗರು ಹೆಚ್ಚಾಗಿ ಎಡವುವುದು ಇಲ್ಲೇ. ವರ್ಷದ ಎಣಿಕೆ ಶುರುವಾಗುವುದು ನೀವು ಕೊಂಡ ದಿನದಿಂದಲೂ ಅಲ್ಲ, ಕಾರಿನ ಮಾಡೆಲ್ ವರ್ಷದಿಂದಲೂ ಅಲ್ಲ. ಕಾರು ಮೊಟ್ಟಮೊದಲು ಬಳಕೆಗೆ ಬಂದ ದಿನದಿಂದ. ಇದಕ್ಕೆ ಇನ್-ಸರ್ವೀಸ್ ಡೇಟ್ ಅನ್ನುತ್ತಾರೆ. ಕಾರಿನ ಗುರುತಿನ ಸಂಖ್ಯೆಯಾದ ವಿನ್ ನಂಬರ್ ಕೊಟ್ಟರೆ ಯಾವ ಡೀಲರ್ ಆದರೂ ಹೇಳುತ್ತಾರೆ.

ಜಾಸ್ತಿ ಜನರಿಗೆ ಗೊತ್ತಿಲ್ಲದ ಇನ್ನೊಂದು ವಾರಂಟಿ ಇದೆ. ಹೊಗೆ ನಿಯಂತ್ರಣದ ಕೇಂದ್ರ ಕಾನೂನಿನ ಪ್ರಕಾರ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಎಂಜಿನ್ನಿನ ಹೊಗೆ ನಿಯಂತ್ರಿಸುವ ಕಂಪ್ಯೂಟರಿಗೆ 8 ವರ್ಷ ಅಥವಾ 80,000 ಮೈಲಿ ರಕ್ಷಣೆ ಇದೆ. ದಾರಿಯಲ್ಲಿ ನಿಂತ ಕಾರಿನ ಎಂಜಿನ್ನೇ ಸತ್ತಿದೆ ಅಂತೇನಿಲ್ಲ. ತಪ್ಪು ಆ ಕಂಪ್ಯೂಟರಿನದ್ದಾಗಿದ್ದರೆ "ನಿಮ್ಮ ಮೂರು ವರ್ಷ ಮುಗಿಯಿತು" ಎಂಬ ಉತ್ತರವನ್ನು ಸುಮ್ನೆ ಒಪ್ಪಿಕೊಳ್ಳಬೇಡಿ.

ಟೋ ಗಾಡಿ ಬರುವಷ್ಟರಲ್ಲಿ ಫೋನಿನಲ್ಲೇ ಒಂದು ಕೆಲಸ ಮುಗಿಸಿ. ಎನ್‌ಎಚ್‌ಟಿಎಸ್‌ಎ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯ ಜಾಲತಾಣದಲ್ಲಿ 17 ಅಕ್ಷರ-ಅಂಕಿಗಳ ವಿನ್ ಹಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿಗಳನ್ನು ವಾಪಸ್ ಕರೆಯುವುದು) ಇದೆಯೇ ನೋಡಿ. ರೀಕಾಲ್ ಇದ್ದರೆ ರಿಪೇರಿ ಬಿಟ್ಟಿ, ವಾರಂಟಿ ಮುಗಿದಿದ್ದರೂ, ನೀವು ಎಷ್ಟನೇ ಮಾಲೀಕರಾದರೂ. ಎಂಜಿನ್ ರೀಕಾಲ್ ಅಪರೂಪದ ಸಂಗತಿಯೇನಲ್ಲ. 2023ರಲ್ಲಿ ಹೋಂಡಾ ಕ್ರ್ಯಾಂಕ್‌ಶಾಫ್ಟ್ ದೋಷಕ್ಕೆ ಸುಮಾರು 2.5 ಲಕ್ಷ ಗಾಡಿಗಳನ್ನು ವಾಪಸ್ ಕರೆಯಿತು. 2024ರಲ್ಲಿ ಟೊಯೋಟಾ ಸುಮಾರು ಒಂದು ಲಕ್ಷ ಗಾಡಿಗಳನ್ನು ಕರೆಯಿತು. ತಯಾರಿಕೆಯ ಹೊತ್ತಿನ ಲೋಹದ ಚೂರು ಎಂಜಿನ್ ಒಳಗೇ ಉಳಿದಿತ್ತು. 2025ರಲ್ಲಿ ಜನರಲ್ ಮೋಟರ್ಸ್‌ನ 6.2 ಲೀಟರ್ ಎಂಜಿನ್ನಿಗಾಗಿ ಸುಮಾರು ಆರು ಲಕ್ಷ ಗಾಡಿಗಳು. ಅದೇ ಜಾಲತಾಣದಲ್ಲಿ ಕಂಪನಿ ತನ್ನ ಡೀಲರುಗಳಿಗೆ ಕಳಿಸಿದ ಸರ್ವೀಸ್ ಬುಲೆಟಿನ್‌ಗಳೂ ಸಿಗುತ್ತವೆ. ನಿಮ್ಮ ಕಾರಿನ ಲಕ್ಷಣಕ್ಕೆ ಹೊಂದುವ ಬುಲೆಟಿನ್ ಸಿಕ್ಕರೆ ಅದನ್ನು ಪ್ರಿಂಟ್ ಮಾಡಿ ಕೈಯಲ್ಲಿ ಹಿಡಿದೇ ಡೀಲರ್ ಹತ್ತಿರ ಹೋಗಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಡೀಲರ್ ಹತ್ತಿರ ನೀವು ಮಾತಾಡುವುದು ಮೆಕ್ಯಾನಿಕ್ ಜೊತೆಗಲ್ಲ, ಸರ್ವೀಸ್ ಅಡ್ವೈಸರ್ ಜೊತೆ. ಮೆಕ್ಯಾನಿಕ್ಕಿನ ಪಕ್ಕದಲ್ಲಿ ನಿಂತು, ಬಾನೆಟ್ ಒಳಗೆ ಇಣುಕಿ, "ಏನಪ್ಪಾ ಆಯ್ತು?" ಎಂದು ಕೇಳುವ ಪದ್ಧತಿ ಇಲ್ಲಿಲ್ಲ. ಅಡ್ವೈಸರ್ ಕಂಪ್ಯೂಟರಿನಲ್ಲಿ ಏನು ಬರೆಯುತ್ತಾರೋ ಅದೇ ಮೆಕ್ಯಾನಿಕ್ಕಿಗೂ ಕಂಪನಿಗೂ ತಲುಪುವ ಕಥೆ. ಇದಕ್ಕೆ ರಿಪೇರಿ ಆರ್ಡರ್ ಅನ್ನುತ್ತಾರೆ. ನನ್ನದರಲ್ಲಿ ಮೊದಲು "ಗ್ರಾಹಕರ ಪ್ರಕಾರ ಕಾರು ಸ್ಟಾರ್ಟ್ ಆಗುತ್ತಿಲ್ಲ" ಎಂದಷ್ಟೇ ಬರೆದಿದ್ದರು. ನಾನು ನಿಂತು ಬದಲಾಯಿಸಿದೆ: ಗಂಟೆಗೆ 60 ಮೈಲಿ ವೇಗದಲ್ಲಿ ಓಡುವಾಗ ಎಂಜಿನ್ ನಿಂತಿತು, ಮೊದಲು ಸದ್ದು ಬಂತು, ಎಣ್ಣೆ ದೀಪ ಬಂದ ಕೂಡಲೇ ನಿಲ್ಲಿಸಿದೆ. ಪ್ರತಿ ಸಲ ಹೋದಾಗಲೂ ಆ ಹಾಳೆಯ ಪ್ರತಿ ಕೇಳಿ ತೆಗೆದುಕೊಳ್ಳಿ, "ಏನೂ ತೊಂದರೆ ಕಾಣಲಿಲ್ಲ" ಎಂದು ವಾಪಸ್ ಕಳಿಸಿದಾಗಲೂ.

ಇನ್ನೊಂದು ವಿಷಯ ಅರ್ಥ ಆಗಲು ನನಗೆ ಮೂರು ವಾರ ಹಿಡಿಯಿತು. ವಾರಂಟಿ ಕೊಟ್ಟಿರುವುದು ಡೀಲರ್ ಅಲ್ಲ, ಕಾರು ತಯಾರಿಸಿದ ಕಂಪನಿ. ಡೀಲರ್ ಬೇರೆಯೇ ವ್ಯಾಪಾರಿ. ಅವರು ರಿಪೇರಿ ಮಾಡಿ ಕಂಪನಿಗೆ ಬಿಲ್ ಕಳಿಸುತ್ತಾರೆ. ಕಂಪನಿ ಒಪ್ಪದಿದ್ದರೆ ಆ ಖರ್ಚು ಡೀಲರ್ ಮೇಲೇ ಬೀಳುತ್ತದೆ. ಅದಕ್ಕೇ ಎಂಜಿನ್‌ನಂಥ ದೊಡ್ಡ ಕೆಲಸಕ್ಕೆ ಅವರು ಮೊದಲೇ ಅನುಮತಿ ಕೇಳುತ್ತಾರೆ, ಫೋಟೋ ಕಳಿಸುತ್ತಾರೆ, ಉತ್ತರಕ್ಕೆ ಕಾಯುತ್ತಾರೆ. ಅಡ್ವೈಸರ್ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಕಾರಿನ ಜೊತೆ ಬಂದ ವಾರಂಟಿ ಪುಸ್ತಕದಲ್ಲಿ ಕಂಪನಿಯ ಗ್ರಾಹಕ ಸೇವೆಯ ನಂಬರ್ ಇರುತ್ತದೆ. ಮೊದಲ ದಿನವೇ ಅಲ್ಲಿಗೆ ಫೋನ್ ಮಾಡಿ, ಕೇಸ್ ತೆರೆಸಿ, ಕೇಸ್ ನಂಬರ್ ಬರೆದುಕೊಳ್ಳಿ. ನಾನು ಮಾಡಿದ್ದು ನಾಲ್ಕನೇ ವಾರದಲ್ಲಿ. ಮಾಡಿದ ಮೇಲೇ ಕೆಲಸ ಮುಂದೆ ಸರಿಯಿತು.

ಅದಕ್ಕೂ ಮೊದಲು ಒಂದು ಸಹಿಯ ಪ್ರಶ್ನೆ ಬರುತ್ತದೆ. "ಕಾರಣ ಗೊತ್ತಾಗಬೇಕಾದರೆ ಎಂಜಿನ್ ಬಿಚ್ಚಬೇಕು. ವಾರಂಟಿಗೆ ಬಂದರೆ ಕಂಪನಿ ಕೊಡುತ್ತದೆ, ಬರದಿದ್ದರೆ ಬಿಚ್ಚಿದ ಖರ್ಚು ನಿಮ್ಮದು." ನನಗೆ ಹೇಳಿದ ಮೊತ್ತ 1,800 ಡಾಲರ್. ಇದು ಮೋಸವಲ್ಲ, ಇಲ್ಲಿನ ಪದ್ಧತಿಯೇ ಹಾಗೆ. ಆದರೆ ಸಹಿ ಹಾಕುವ ಮೊದಲು ಗರಿಷ್ಠ ಎಷ್ಟಾಗಬಹುದು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಬಿಚ್ಚಿದ ಭಾಗಗಳನ್ನು ನಿರ್ಧಾರ ಆಗುವವರೆಗೆ ಎಸೆಯಬಾರದು ಎಂದೂ ಬರೆಸಿ.

ಸಹಿ ಹಾಕಿದ ಕೂಡಲೇ ಮುಂದಿನ ಬೇಡಿಕೆ ಬರುತ್ತದೆ: ಆಯಿಲ್ ಚೇಂಜ್ ದಾಖಲೆ ಕೊಡಿ. ನಾನು ಬೆವತದ್ದು ಇಲ್ಲಿ. ಎರಡು ಸಲ ಮನೆಯ ಡ್ರೈವ್‌ವೇಯಲ್ಲಿ ನಾನೇ ಎಣ್ಣೆ ಬದಲಾಯಿಸಿದ್ದೆ. ಇನ್ನೊಂದು ಸಲ ಊರಿಗೆ ಹೋಗಿ ಮೂರು ತಿಂಗಳು ಇದ್ದಾಗ ಅವಧಿ ದಾಟಿತ್ತು. ಕಾರು ಓಡದೇ ನಿಂತಿದ್ದರೆ ಎಣ್ಣೆ ಬದಲಾಯಿಸಬೇಕಿಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಕಂಪನಿಯ ಪುಸ್ತಕ ಹಾಗೆ ಹೇಳುವುದಿಲ್ಲ. ಇಷ್ಟು ಮೈಲಿ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು.

ಮನೆಯಲ್ಲೇ ಎಣ್ಣೆ ಬದಲಾಯಿಸುವುದು, ಹೊರಗಿನ ಗ್ಯಾರೇಜಿನಲ್ಲಿ ಮಾಡಿಸುವುದು, ಬೇರೆ ಕಂಪನಿಯ ಫಿಲ್ಟರ್ ಹಾಕುವುದು, ಇವ್ಯಾವುದರಿಂದಲೂ ವಾರಂಟಿ ತಾನಾಗಿ ರದ್ದಾಗುವುದಿಲ್ಲ. 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಇದನ್ನು ಕಾಪಾಡುತ್ತದೆ. ಹೊರಗಿನ ಭಾಗದಿಂದಲೇ ಅಥವಾ ಹೊರಗಿನ ಕೆಲಸದಿಂದಲೇ ಎಂಜಿನ್ ಹಾಳಾಯಿತು ಎಂದು ತೋರಿಸಬೇಕಾದವರು ಕಂಪನಿಯವರು. ಆದರೆ ನೀವು ಎಣ್ಣೆ ಬದಲಾಯಿಸಿಯೇ ಇದ್ದೀರಿ ಎಂದು ತೋರಿಸಲು ನಿಮ್ಮ ಹತ್ತಿರ ಏನಾದರೂ ಇರಬೇಕಲ್ಲ? ಎಣ್ಣೆ, ಫಿಲ್ಟರ್ ಕೊಂಡ ರಸೀದಿ, ಆ ದಿನದ ಮೈಲಿ ಮೀಟರಿನ ಫೋಟೋ, ಒಂದು ನೋಟ್‌ಬುಕ್ಕಿನ ಸಾಲು, ಇಷ್ಟು ಸಾಕು. ನನ್ನನ್ನು ಉಳಿಸಿದ್ದು ಅಂಗಡಿಯ ಸದಸ್ಯತ್ವದ ಖಾತೆ. ಎರಡು ಖರೀದಿಯೂ ಅದರಲ್ಲಿ ದಿನಾಂಕದ ಸಮೇತ ಉಳಿದಿದ್ದವು. ಕಾಗದದ ರಸೀದಿ ಇದ್ದಿದ್ದರೂ ಶಾಯಿ ಅಳಿಸಿ ಬಿಳಿ ಹಾಳೆ ಆಗಿರುತ್ತಿತ್ತು. ಆದ್ದರಿಂದ ಫೋಟೋ ತೆಗೆದಿಡಿ.

ನಿರಾಕರಿಸಿದರೆ? ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ "ಒಳಗೆಲ್ಲ ಕೆಸರು ಕಟ್ಟಿದೆ, ಮೇಂಟೆನೆನ್ಸ್ ಇಲ್ಲ" ಎನ್ನುವುದು ಸುಲಭ. ಬರೆದು ಕೊಡುವಾಗ ಜನ ಎರಡು ಸಲ ಯೋಚಿಸುತ್ತಾರೆ. ಎಎಸ್ಇ ಎಂಬ ಸಂಸ್ಥೆಯ ಪ್ರಮಾಣಪತ್ರ ಇರುವ ಸ್ವತಂತ್ರ ಮೆಕ್ಯಾನಿಕ್ ಒಬ್ಬರಿಗೆ ದುಡ್ಡು ಕೊಟ್ಟು ಬಿಚ್ಚಿದ ಎಂಜಿನ್ ತೋರಿಸಿ ವರದಿ ಪಡೆಯಬಹುದು. ಆಮೇಲೆ ಕಂಪನಿಯ ಕೇಸ್ ನಂಬರ್ ಹಿಡಿದು ಮೇಲಿನವರ ಪರಿಶೀಲನೆ ಕೇಳಿ. ವಾರಂಟಿ ಸ್ವಲ್ಪದರಲ್ಲಿ ಮುಗಿದಿದ್ದರೆ "ಗುಡ್‌ವಿಲ್" ಎಂಬ ಪದ ಬಳಸಿ. ಕಂಪನಿ ಪೂರ್ತಿಯಾಗಿ ಅಥವಾ ಅರ್ಧ ಖರ್ಚು ಹೊರುವ ರಿವಾಜು ಇದೆ. ಅದು ಹಕ್ಕಲ್ಲ, ಹಾಗಾಗಿ ದನಿ ತಗ್ಗಿಸಿ ಕೇಳಬೇಕು. ಕೆಲವು ಕಂಪನಿಗಳ ವ್ಯಾಜ್ಯಗಳನ್ನು ಬಿಬಿಬಿ ಆಟೋ ಲೈನ್ ಎಂಬ ಮಧ್ಯಸ್ಥಿಕೆ ವ್ಯವಸ್ಥೆ ಬಿಟ್ಟಿಯಾಗಿ ನೋಡುತ್ತದೆ. ವಕೀಲರವರೆಗೆ ಹೋದರೂ, ನೀವು ಗೆದ್ದರೆ ವಕೀಲರ ಶುಲ್ಕವನ್ನು ಎದುರಿನವರಿಂದ ಕೊಡಿಸಲು ಅದೇ 1975ರ ಕಾಯ್ದೆಯಲ್ಲಿ ಅವಕಾಶವಿದೆ.

ಲೆಮನ್ ಲಾ, ಅಂದರೆ ಪದೇಪದೇ ಕೆಡುವ ಹೊಸ ಕಾರು ಕೊಂಡವರನ್ನು ಕಾಪಾಡುವ ಕಾನೂನು, ಅದನ್ನೇ ಎಲ್ಲರೂ ಮೊದಲು ಹೇಳುತ್ತಾರೆ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿಯಲ್ಲಿ ಹೊಸ ಕಾರಿನ ಮೊದಲ 2 ವರ್ಷ ಅಥವಾ 24,000 ಮೈಲಿಯೊಳಗೆ ತೊಂದರೆ ಕಾಣಿಸಿಕೊಳ್ಳಬೇಕು. ಒಂದೇ ದೋಷಕ್ಕೆ ಮೂರು ಸಲ ರಿಪೇರಿ, ಇಲ್ಲವೇ ಒಟ್ಟು 20 ದಿನ ಗ್ಯಾರೇಜಿನಲ್ಲಿ ನಿಂತದ್ದು, ಇಂಥ ಲೆಕ್ಕ ಇದೆ. ನನ್ನ 41,000 ಮೈಲಿಗೆ ಅದು ದಕ್ಕಲಿಲ್ಲ. ನಿಮ್ಮ ಕಾರು ಹೊಸದಾಗಿದ್ದರೆ ಮಾತ್ರ ದಿನ ಎಣಿಸಲು ಶುರುಮಾಡಿ.

ಇನ್ಶೂರೆನ್ಸ್‌ನಿಂದ ಎಂಜಿನ್ ಸಿಗುತ್ತದೆಯೇ? ತಾನಾಗಿ ಕೆಟ್ಟದ್ದಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಇಲ್ಲ. ಪ್ರವಾಹದ ನೀರು ನುಗ್ಗಿ ಎಂಜಿನ್ ಹೋದರೆ ಲೆಕ್ಕ ತಿರುಗಾಮುರುಗ: ವಾರಂಟಿ ಬರುವುದಿಲ್ಲ, ಕಾಂಪ್ರಿಹೆನ್ಸಿವ್ ಇನ್ಶೂರೆನ್ಸ್ ಬರುತ್ತದೆ. 2021ರ ಸೆಪ್ಟೆಂಬರ್ ಒಂದರಂದು ಐಡಾ ಚಂಡಮಾರುತದ ಮಳೆಗೆ ನ್ಯೂಜೆರ್ಸಿಯ ರಸ್ತೆಗಳೆಲ್ಲ ಹೊಳೆಯಾದಾಗ ಈ ವ್ಯತ್ಯಾಸ ಎಷ್ಟೋ ಮನೆಗಳಲ್ಲಿ ತಿಳಿಯಿತು.

"ನಿಮ್ಮ ಕಾರಿನ ವಾರಂಟಿ ಮುಗಿಯುತ್ತಿದೆ" ಎಂದು ಬರುವ ಫೋನುಗಳ ಕಡೆ ಕಿವಿ ಕೊಡಬೇಡಿ. ಅಂಥ ಕರೆಗಳ ಒಂದು ಜಾಲಕ್ಕೆ 2023ರಲ್ಲಿ ದೂರಸಂಪರ್ಕ ನಿಯಂತ್ರಿಸುವ ಕೇಂದ್ರ ಸಂಸ್ಥೆ ಎಫ್‌ಸಿಸಿ ಸುಮಾರು 30 ಕೋಟಿ ಡಾಲರ್ ದಂಡ ಹಾಕಿತು. ಎಕ್ಸ್‌ಟೆಂಡೆಡ್ ವಾರಂಟಿ (ಅವಧಿ ಮುಗಿದ ಮೇಲೂ ದುಡ್ಡು ಕೊಟ್ಟು ಮುಂದುವರಿಸುವ ರಕ್ಷಣೆ) ಬೇಕೇಬೇಕು ಎಂದಾದರೆ ಕಾರು ತಯಾರಿಸಿದ ಕಂಪನಿಯದ್ದೇ ಕೊಳ್ಳಿ, ಬೆಲೆಯನ್ನು ಚೌಕಾಶಿ ಮಾಡಿ. ಹೌದು, ಅದರಲ್ಲೂ ಚೌಕಾಶಿ ನಡೆಯುತ್ತದೆ.

ಕಾಯುವ ವಾರಗಳಲ್ಲಿ ಓಡಾಟಕ್ಕೆ ಏನು ಮಾಡುವುದು? ಲೋನರ್ ಕಾರು, ಅಂದರೆ ರಿಪೇರಿ ಮುಗಿಯುವವರೆಗೆ ಡೀಲರ್ ಕೊಡುವ ಕಾರು, ಕೇಳಿ. ಡೀಲರ್ ಹತ್ತಿರ ಇಲ್ಲದಿದ್ದರೆ ಬಾಡಿಗೆ ಕಾರಿನ ಖರ್ಚು ಕೊಡುತ್ತೀರಾ ಎಂದು ಕಂಪನಿಯ ಕೇಸ್ ನೋಡುವವರನ್ನು ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಸಾಲದ ಕಂತನ್ನು ಮಾತ್ರ ತಪ್ಪಿಸಬೇಡಿ. ಕಾರು ಓಡದಿದ್ದರೂ ಬ್ಯಾಂಕಿಗೆ ಕಂತು ಕಂತೇ, ತಪ್ಪಿದರೆ ಕ್ರೆಡಿಟ್ ಸ್ಕೋರ್ ಕುಸಿಯುತ್ತದೆ.

ಕಾರು ವಾಪಸ್ ತರುವಾಗ ಅವಸರ ಬೇಡ. ಬಿಲ್ಲಿನಲ್ಲಿ ನಿಮ್ಮ ಪಾಲು ಸೊನ್ನೆ ಇದೆಯೇ, ಹಾಕಿದ ಎಂಜಿನ್ ಹೊಸದೋ ಮರುತಯಾರಿಸಿದ್ದೋ, ಅದಕ್ಕೆ ಎಲ್ಲಿಯವರೆಗೆ ವಾರಂಟಿ, ಮೊದಲ ಆಯಿಲ್ ಚೇಂಜ್ ಎಷ್ಟು ಮೈಲಿಗೆ, ಇವನ್ನು ಕೇಳಿ ಬರೆಸಿಕೊಳ್ಳಿ. ಹೊರಡುವ ಮೊದಲು ಅಡ್ವೈಸರ್ ಜೊತೆಗೇ ಒಂದು ಸುತ್ತು ಓಡಿಸಿ. ಒಂದು ವಾರ ಕಾರಿನ ಕೆಳಗೆ ಹಳೆಯ ರಟ್ಟು ಹಾಸಿಡಿ. ನನ್ನ ಕಾರಿನಡಿ ಮೂರನೇ ದಿನ ಕೂಲಂಟ್ ತೊಟ್ಟಿಕ್ಕಿತ್ತು. ಒಂದು ಪೈಪಿನ ಕ್ಲಾಂಪ್ ಬಿಗಿ ಮಾಡುವುದನ್ನು ಮರೆತಿದ್ದರು.