ಗೋಡೆಯ ಆಚೆಗೆ ಎಷ್ಟು ದೂರ? ಕೆ.ಜಿ.ಎಫ್‌ನಲ್ಲಿ ನಾನು ಮಾಡಿದ ಸಂಪರ್ಕ ನಕ್ಷೆ

ಕೆ.ಜಿ.ಎಫ್‌ನಲ್ಲಿ ಎರಡು ಲೈನುಗಳ ನಡುವೆ ಒಂದು ಬಯಲಿದೆ. ಲೈನು ಅಂದರೆ ಗಣಿ ಕಾರ್ಮಿಕರಿಗಾಗಿ ಕಂಪನಿ ಕಟ್ಟಿಸಿದ್ದ ಸಾಲುಮನೆಗಳು. ಬಯಲಿನ ಒಂದು ಪಕ್ಕಕ್ಕೆ ಸೈನೈಡ್ ದಿಬ್ಬ (ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ಗುಡ್ಡ), ಇನ್ನೊಂದು ಪಕ್ಕಕ್ಕೆ ಕಂಪನಿ ಕಾಲದ ಕಲ್ಲುಗೋಡೆ. ಈ ಜಾಗಕ್ಕೆ ಒಂದು ಪ್ಲಾನ್ ಮಾಡಿಕೊಡಿ ಅಂತ ಅಲ್ಲಿನ ಹುಡುಗರು ಕೇಳಿದರು. ಕ್ರಿಕೆಟ್ ಆಡಲು ಮೈದಾನ, ಕೂರಲು ಕಟ್ಟೆ, ಸಂಜೆ ನಡೆದಾಡಲು ದಾರಿ, ಒಂದು ಫೌಂಟನ್, ಇಷ್ಟೇ ಅವರ ಪಟ್ಟಿ. ನಾನು ಕೋಲಾರದವಳು. ಲ್ಯಾಂಡ್‌ಸ್ಕೇಪ್ ವಿನ್ಯಾಸ ನನ್ನ ಕಸುಬು. ಹಳೇ ಕೈಗಾರಿಕೆ ಜಾಗಗಳ ಮೇಲೆ ಮೊದಲಿಂದಲೂ ಸ್ವಲ್ಪ ಜಾಸ್ತಿಯೇ ಆಸೆ. ಒಪ್ಪಿಕೊಂಡೆ.

ಸ್ಯಾಟಲೈಟ್ ಚಿತ್ರದಲ್ಲಿ ನೋಡಿದರೆ ಗೋಡೆಯ ಈಚೆಗಿನ ಮನೆಗೂ ಆಚೆಗಿನ ಅಂಗನವಾಡಿಗೂ ನೂರು ಮೀಟರ್ ಕೂಡ ಇಲ್ಲ. ಆದರೆ ಮಗುವನ್ನು ಕರೆದುಕೊಂಡು ಹೋಗುವ ಅಮ್ಮಂದಿರು ಗೋಡೆ ಮುಗಿಯುವವರೆಗೂ ನಡೆದು, ರೈಲು ಹಳಿ ಪಕ್ಕದ ಕಾಲುದಾರಿ ಹಿಡಿದು, ಸುತ್ತಿ ಬರುತ್ತಿದ್ದರು. ಅಳತೆಯ ನಕ್ಷೆಗೆ ಈ ಕಷ್ಟ ಕಾಣುವುದಿಲ್ಲ. ಹಾಗಾಗಿ ದೂರವನ್ನು ಪಕ್ಕಕ್ಕಿಟ್ಟು, ಯಾವುದಕ್ಕೆ ಯಾವುದು ತಾಗಿಕೊಂಡಿದೆ ಅನ್ನುವುದನ್ನಷ್ಟೇ ಮೊದಲು ಬರೆಯೋಣ ಅಂದುಕೊಂಡೆ. ಇದನ್ನು ಟೊಪೊಲಾಜಿಕಲ್ ಮ್ಯಾಪಿಂಗ್ ಅನ್ನುತ್ತಾರೆ. ನಮ್ಮ ಮೆಟ್ರೋ ಸ್ಟೇಷನ್‌ನಲ್ಲಿ ಅಂಟಿಸಿರುವ ನಕ್ಷೆ ನೋಡಿದ್ದೀರಲ್ವಾ, ಅದೂ ಇದೇ ಜಾತಿ. ಎಲ್ಲಿ ಹತ್ತಬೇಕು, ಎಲ್ಲಿ ಬದಲಾಯಿಸಬೇಕು ಅನ್ನುವುದಷ್ಟೇ ಅದರಲ್ಲಿ ಮುಖ್ಯ. ಈ ಲೆಕ್ಕ ಹುಟ್ಟಿದ್ದು ಯುರೋಪಿನ ಒಂದು ದ್ವೀಪದಿಂದ. ಕೋನಿಗ್ಸ್‌ಬರ್ಗ್ ಊರಲ್ಲಿ ನದಿಯ ನಡುವಿನ ದ್ವೀಪಕ್ಕೂ ದಡಗಳಿಗೂ ಏಳು ಸೇತುವೆಗಳಿದ್ದವು. ಪ್ರತಿಯೊಂದನ್ನೂ ಒಂದೇ ಸಲ ದಾಟಿ ಊರು ಸುತ್ತಲು ಆಗುತ್ತದಾ ಅನ್ನುವ ಪ್ರಶ್ನೆಗೆ ಗಣಿತಜ್ಞ ಆಯ್ಲರ್ 1736ರಲ್ಲಿ ಆಗಲ್ಲ ಅಂತ ಉತ್ತರ ಕೊಟ್ಟ. ಸೇತುವೆಯ ಉದ್ದ ಎಷ್ಟು ಅಂತ ಅವನು ಕೇಳಲೇ ಇಲ್ಲ.

ನನಗೆ ಧೈರ್ಯ ಕೊಟ್ಟದ್ದು ಇನ್ನೊಂದು ದ್ವೀಪ. ಫ್ರಾನ್ಸಿನ ನಾಂತ್ ನಗರದಲ್ಲಿ, ಲೋರ್ ನದಿಯ ನಡುವೆ ಇರುವುದು. ಅಲ್ಲಿನ ದುಬಿಜೋನ್ ಹಡಗುಕಟ್ಟೆ, ಅಂದರೆ ಹಡಗು ಕಟ್ಟುವ ಕಾರ್ಖಾನೆ, 1987ರಲ್ಲಿ ಮುಚ್ಚಿತು. ಆಮೇಲೆ ದ್ವೀಪದ ಮರುವಿನ್ಯಾಸದ ಹೊಣೆ ಅಲೆಕ್ಸಾಂಡರ್ ಶೆಮೆತೊಫ್ ಅನ್ನುವ ವಿನ್ಯಾಸಕಾರನಿಗೆ ಬಂತು. ಅವನು ಹೊಸ ಊರಿನ ಚಂದದ ಚಿತ್ರ ಬರೆದು ಕೊಡಲಿಲ್ಲ. ಇರುವ ಶೆಡ್ಡು, ಹಳಿ, ಮರ, ಇಳಿಜಾರು ಎಲ್ಲವನ್ನೂ ಗುರುತಿಸಿ ಒಂದು ನಕ್ಷೆ ಮಾಡಿದ. ಕೆಲಸ ನಡೆದಂತೆ ಮೂರು ತಿಂಗಳಿಗೊಮ್ಮೆ ಅದನ್ನೇ ತಿದ್ದುತ್ತಾ ಹೋದ. ಹಡಗನ್ನು ನೀರಿಗಿಳಿಸುತ್ತಿದ್ದ ಇಳಿಜಾರುಗಳು ಈಗ ಜನ ಓಡಾಡುವ ಪಾರ್ಕಿನ ಭಾಗ. ಹಳದಿ ಬಣ್ಣದ ಟೈಟನ್ ಕ್ರೇನ್ ಇನ್ನೂ ನಿಂತಿದೆ. 2007ರಿಂದ ಹಳೇ ಶೆಡ್ಡುಗಳ ಹತ್ತಿರ 12 ಮೀಟರ್ ಎತ್ತರದ ಯಂತ್ರದ ಆನೆ ಜನರನ್ನು ಹೊತ್ತು ನಡೆಯುತ್ತದೆ. ಫೋಟೋಗಳಲ್ಲಿ ಎಲ್ಲರೂ ತೋರಿಸುವುದು ಆ ಆನೆಯನ್ನೇ. ನನಗೆ ಬೇಕಾಗಿದ್ದು ಆ ತಿದ್ದುತ್ತಾ ಹೋಗುವ ನಕ್ಷೆ.

ಹಡಗುಕಟ್ಟೆಗೂ ಗಣಿಗೂ ಒಂದು ಹೋಲಿಕೆ ಇದೆ. ಎರಡರಲ್ಲೂ ದಾರಿಗಳೆಲ್ಲ ಒಂದೇ ಕಡೆಗೆ ಓಡುತ್ತವೆ. ಕೆ.ಜಿ.ಎಫ್‌ನಲ್ಲಿ ಅದು ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಊರು ಬೆಳೆದದ್ದೇ ಹಾಗೆ. ಲೈನಿಂದ ಶಾಫ್ಟಿಗೆ ದಾರಿ ಇತ್ತು. ಲೈನಿಂದ ಲೈನಿಗೆ ಬೇಕು ಅಂತ ಕಂಪನಿಗೆ ಅನ್ನಿಸಲಿಲ್ಲ. ಚಿನ್ನ ಆಚೆ ಹೋಗಬಾರದು ಅಂತ ಗೋಡೆ, ಗೇಟು, ಕಾವಲು ಬೇರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ದಾರಿಗಳು ಉಳಿದವು, ಅವು ಹೋಗಿ ಸೇರುವ ಜಾಗವೇ ಬೀಗ ಹಾಕಿಕೊಂಡಿತು. ನನ್ನ ನಕ್ಷೆಯ ಮೊದಲ ಹಾಳೆಯಲ್ಲೇ ಇದು ಎದ್ದು ಕಂಡಿತು. ನಡುವೆ ಶಾಫ್ಟಿನ ಚುಕ್ಕಿ, ಸುತ್ತ ಗೆರೆಗಳು. ಆ ಚುಕ್ಕಿಯನ್ನು ಅಳಿಸಿದರೆ ಸುತ್ತಲಿನ ಚುಕ್ಕಿಗಳಿಗೆ ಒಂದಕ್ಕೊಂದು ನಂಟೇ ಇಲ್ಲ.

ಚುಕ್ಕಿ ಇಡುವುದಕ್ಕೆ ನಿಯಮ ಸರಳ. ಜನ ಎಲ್ಲಿ ನಿಲ್ಲುತ್ತಾರೋ, ಎಲ್ಲಿ ತಿರುಗುತ್ತಾರೋ ಅಲ್ಲಿ ಒಂದು. ನಲ್ಲಿ, ರೇಷನ್ ಅಂಗಡಿ, ಚರ್ಚಿನ ಮೆಟ್ಟಿಲು, ಮಾರಿಯಮ್ಮನ ಗುಡಿ, ಆಟೋ ನಿಲ್ಲುವ ಮೂಲೆ, ಗೋಡೆಯಲ್ಲಿ ಕಲ್ಲು ಬಿದ್ದುಹೋದ ಸಂದು. ಗೆರೆ ಎಳೆಯುವುದು ಕಷ್ಟ. ಹುಡುಗರನ್ನು ಕೇಳಿದರೆ ಎಲ್ಲೆಲ್ಲೂ ದಾರಿ ಇದೆ ಅನ್ನುತ್ತಾರೆ, ಗೋಡೆ ಹತ್ತುವವರಿಗೆ ಏನು! ಅದಕ್ಕೆ ಒಂದು ಪರೀಕ್ಷೆ ಇಟ್ಟುಕೊಂಡೆ. ತುಂಬಿದ ಕೊಡ ಹಿಡಿದವರು ಅಲ್ಲಿ ಹೋಗಬಲ್ಲರಾ? ಹೋಗಬಲ್ಲರಾದರೆ ಗೆರೆ. ಇಲ್ಲದಿದ್ದರೆ ಚುಕ್ಕಿಗೆರೆ.

ಹೊಂಗೆ ಮರದಡಿ ಕೂತಿದ್ದ, ಗಣಿಯಲ್ಲಿ ದುಡಿದಿದ್ದ ತಾತ ಒಬ್ಬರು ನನ್ನ ಹಾಳೆ ಇಣುಕಿ ನೋಡಿದರು. ತಮಿಳು ಬೆರೆತ ಕನ್ನಡದಲ್ಲಿ, “ಏನಮ್ಮಾ, ಈ ಮರ ಎಲ್ಲಿ ನಿನ್ನ ಪಟದಲ್ಲಿ?” ಅಂದರು. ಮರ ಗಿಡಗಳ ಪಟ್ಟಿಯಲ್ಲಿತ್ತು, ಚುಕ್ಕಿಗಳಲ್ಲಿ ಇರಲಿಲ್ಲ. “ಶಿಫ್ಟ್ ಬಿಟ್ಟರೆ ಎಲ್ಲಾ ಇಲ್ಲೇ ಕೂರೋದು ತಾಯಿ. ಈಗಲೂ ಪೆನ್ಷನ್ ಮಾತು, ಮದುವೆ ಮಾತು ಎಲ್ಲಾ ಇಲ್ಲೇ.” ಮರಕ್ಕೆ ಚುಕ್ಕಿ ಇಟ್ಟು ಗೆರೆ ಎಳೆದರೆ, ಎಲ್ಲಕ್ಕಿಂತ ಜಾಸ್ತಿ ಗೆರೆ ಸೇರಿದ್ದು ಅಲ್ಲೇ. ಮುಚ್ಚಿದ ಶಾಫ್ಟಿನ ಜಾಗಕ್ಕೆ ಬಂದು ಕೂರಬಲ್ಲ ಹೊಸ ನಡುಬಿಂದು ಸುಮ್ನೆ ಅಲ್ಲೇ ನಿಂತಿತ್ತು.

ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದೆ. ಅಡ್ಡಕ್ಕೂ ಉದ್ದಕ್ಕೂ ಅದೇ ಹೆಸರುಗಳು, ಸಂಪರ್ಕ ಇದ್ದರೆ 1, ಇಲ್ಲದಿದ್ದರೆ 0. ಹಗಲಿಗೆ ಒಂದು ಹಾಳೆ, ಮಳೆಗೆ ಒಂದು, ಕತ್ತಲಿಗೆ ಒಂದು. ಕತ್ತಲಿನ ಹಾಳೆಯನ್ನು ಹೆಂಗಸರ ಜೊತೆ ಕೂತು ತುಂಬಿದೆ. ಗೋಡೆಯ ಸಂದು 0, ಹಳಿಯ ಪಕ್ಕದ ದಾರಿ 0, ಬಯಲಂತೂ ಪೂರ್ತಿ 0. ಸಂಜೆ ಏಳು ಗಂಟೆ ಆದರೆ ಎರಡು ಲೈನುಗಳು ಎರಡು ಬೇರೆ ಊರುಗಳು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಕಂಡ ಊರಿನ ಈ ದಾರಿಗೆ ಒಂದು ಬೀದಿದೀಪ ಇರಲಿಲ್ಲ.

ಮಳೆಯ ಹಾಳೆ ನನ್ನ ತಲೆ ತಿಂದಿತು. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ನೋಡಲು ಎಸ್‌ಆರ್‌ಟಿಎಂ ಎತ್ತರದ ಮಾಹಿತಿ ಹಾಕಿಕೊಂಡೆ. ಪುಕ್ಕಟೆ ಸಿಗುತ್ತದೆ, ದೊಡ್ಡ ಜಾಗಕ್ಕೆ ಒಳ್ಳೆಯದು. ಆದರೆ ಅದರ ಒಂದು ಚೌಕ ಸುಮಾರು 30 ಮೀಟರ್, ಇಲ್ಲಿನ ಚರಂಡಿ ಒಂದು ಮಾರು ಅಗಲವೂ ಇಲ್ಲ. ಅದಲ್ಲದೆ ಅದು ಬಾಹ್ಯಾಕಾಶ ನೌಕೆಯಿಂದ 2000ದ ಫೆಬ್ರವರಿಯಲ್ಲಿ ಅಳೆದದ್ದು, ಅಂದರೆ ಗಣಿ ಇನ್ನೂ ನಡೆಯುತ್ತಿದ್ದಾಗಿನದು. ಆಮೇಲೆ ಮಳೆ ದಿಬ್ಬವನ್ನು ಎಷ್ಟು ಕೊರೆದಿದೆ ಅನ್ನುವುದು ಅದರಲ್ಲಿ ಇರಲು ಸಾಧ್ಯವಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ಮೋರಿಗಳದು. ರಸ್ತೆ ಏರಿಯ ಅಡಿಯಲ್ಲಿ ಮೋರಿ ಇದ್ದರೂ ಕಂಪ್ಯೂಟರಿಗೆ ಏರಿ ಮಾತ್ರ ಕಾಣುತ್ತದೆ. ನೀರು ಅಲ್ಲೇ ಕೆರೆಯಾಗಿ ನಿಲ್ಲುತ್ತದೆ ಅಂತ ತೋರಿಸುತ್ತದೆ. ಹಾಗಾಗಿ ಮೋರಿಗಳನ್ನು ನಡೆದು ಹುಡುಕಿ, ಬಗ್ಗಿ ಟಾರ್ಚ್ ಬಿಟ್ಟು ನೋಡಿ, ಕೈಯಾರೆ ಬಾಣದ ಗೆರೆ ಎಳೆದೆ. ಮಟ್ಟ ನೋಡಲು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪೈಪೇ ಸಾಕಾಯಿತು.

ದಿಬ್ಬದ ಬುಡದಿಂದ ಹೊರಟ ಬಾಣ ನೇರ ಬಯಲಿಗೇ ಬಂತು. ಸೈನೈಡ್ ದಿಬ್ಬ ಅಂದರೆ ಅದಿರನ್ನು ಹಿಟ್ಟಿನಂತೆ ಅರೆದು ಚಿನ್ನ ತೆಗೆದ ಮೇಲೆ ಸುರಿದ ಬೂದುಬಣ್ಣದ ಪುಡಿ. ಮಳೆಯಲ್ಲಿ ಕೆಸರಾಗಿ ಇಳಿಯುತ್ತದೆ, ಆಷಾಢದ ಗಾಳಿಗೆ ಎದ್ದು ಮನೆಯೊಳಗೆ ಬರುತ್ತದೆ. ಇವೂ ಸಂಪರ್ಕಗಳೇ, ಬೇಡದ ಸಂಪರ್ಕಗಳು. ಗಾಳಿಗೂ ಒಂದು ಹಾಳೆ ಮಾಡಿದೆ. ಮಣ್ಣನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸದೆ ಮಕ್ಕಳ ಆಟದ ಜಾಗ ಗುರುತು ಮಾಡುವುದಿಲ್ಲ ಅಂತ ಹುಡುಗರಿಗೆ ಮೊದಲೇ ಹೇಳಿದೆ. ಅವರ ಮುಖ ಸಪ್ಪೆಯಾಯಿತು, ಆದರೂ ಒಪ್ಪಿದರು.

ಇಷ್ಟಾದ ಮೇಲೆ ವಿನ್ಯಾಸ ಅನ್ನುವುದು ತುಂಬಾ ಸಣ್ಣ ಕೆಲಸವಾಯಿತು. ಎಲ್ಲಿ ಸೇರಿಸಬೇಕು, ಎಲ್ಲಿ ಕತ್ತರಿಸಬೇಕು, ಅಷ್ಟೇ. ಗೋಡೆಯ ಬಿದ್ದ ಸಂದಿನ ಅಂಚಿಗೆ ಕಲ್ಲು ಕಟ್ಟಿ ಅದನ್ನು ಸರಿಯಾದ ದಾರಿ ಮಾಡುವುದು, ಅಲ್ಲೊಂದು ದೀಪ, ಮರದಡಿ ಇನ್ನೊಂದು. ಎಕ್ಸೆಲ್‌ನಲ್ಲಿ ಆ ಒಂದು 0ಯನ್ನು 1 ಮಾಡಿ ನೋಡಿದೆ. ಎರಡು ಲೈನುಗಳೂ ಕತ್ತಲಲ್ಲೂ ಒಂದಾದವು. ಉಳಿದ ಯಾವ 0ಗೂ ಅಷ್ಟು ಶಕ್ತಿ ಇರಲಿಲ್ಲ. ಕತ್ತರಿಸುವ ಕಡೆ, ದಿಬ್ಬದ ಬುಡಕ್ಕೆ ಒಂದು ಅಡ್ಡ ಕಾಲುವೆ, ಕೆಸರು ತಂಗಲು ಗುಂಡಿ, ಗಾಳಿ ಬರುವ ಪಶ್ಚಿಮಕ್ಕೆ ಹೊಂಗೆ, ಬೇವಿನ ದಟ್ಟ ಸಾಲು. ಮೈದಾನ ದಿಬ್ಬದಿಂದ ದೂರಕ್ಕೆ, ಮರದ ಹತ್ತಿರಕ್ಕೆ ಸರಿಯಿತು. ಹುಡುಗರು ಕೇಳಿದ್ದ ಫೌಂಟನ್ ಬಿಟ್ಟೆ. ನೀರಿಗೆ ಬೇತಮಂಗಲದ ಕೆರೆಯ ಕಡೆ ನೋಡುವ ಊರಲ್ಲಿ ಫೌಂಟನ್ ಯಾಕೆ!

ಸಂದಿನ ಕೆಲಸ ಆಗಿದೆ. ಕಲ್ಲು ಅಲ್ಲೇ ಬಿದ್ದದ್ದು, ಕೂಲಿ ಚಂದಾ ಎತ್ತಿದ್ದು. ಒಂದು ದೀಪ ಉರಿಯುತ್ತಿದೆ. ಕಾಲುವೆಗೆ ಜಾಗದ ಹಕ್ಕಿನ ಒಪ್ಪಿಗೆ ಬೇಕು, ಅದು ಫೈಲಿನಲ್ಲಿದೆ. ನಾಂತ್‌ನವರಂತೆ ಹಾಳೆಗಳನ್ನು ಆಗಾಗ ತಿದ್ದುತ್ತಿರುತ್ತೇನೆ. ಮೊನ್ನೆ ತಿದ್ದಿದಾಗ ಒಂದು ಹೊಸ ಚುಕ್ಕಿ ಇಡಬೇಕಾಯಿತು. ಸಂದಿನ ಪಕ್ಕದಲ್ಲಿ ಯಾರೋ ಬೋಂಡಾ ಗಾಡಿ ಹಾಕಿದ್ದಾರೆ. ಅದರಿಂದ ಕತ್ತಲಿನ ಹಾಳೆಯಲ್ಲಿ ಇನ್ನೂ ಎರಡು 0ಗಳು 1 ಆಗಿವೆ.