ಟಾಪರ್ (ಅರ್ಧ ವಿಗ್) ಹಾಕಿಕೊಂಡ ಮೊದಲ ಮೂರು ವಾರ

ಮೆಟ್ಟಿಲ ಮೇಲೆ ನಿಂತು ಯಾರೋ ತೆಗೆದ ಒಂದು ಗ್ರೂಪ್ ಫೋಟೋ. ಅದರಲ್ಲಿ ನನ್ನ ಬೈತಲೆ ನೋಡಿ ಎದೆ ಧಸಕ್ಕೆಂದಿತು. ನೆತ್ತಿಯ ಹತ್ತಿರ ಎರಡು ಬೆರಳಗಲ ಚರ್ಮ ಕಾಣುತ್ತಿತ್ತು. ದಿನಾ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತೇವೆ, ನೆತ್ತಿ ಯಾರು ನೋಡಿಕೊಳ್ಳುತ್ತಾರೆ? ಆಮೇಲೆ ಸುಮಾರು ಎರಡು ವರ್ಷ ಬೈತಲೆಯನ್ನು ಆ ಕಡೆ ಈ ಕಡೆ ಬದಲಿಸಿದೆ, ಕೂದಲು ಎಳೆದು ಕಟ್ಟಿದೆ, ನೇರ ಲೈಟಿನ ಕೆಳಗೆ ಕೂರುವುದನ್ನು ತಪ್ಪಿಸಿದೆ. ಲಿಫ್ಟಿನಲ್ಲಿ ಎತ್ತರದವರು ಪಕ್ಕದಲ್ಲಿ ನಿಂತರೆ ಮೈಯೆಲ್ಲ ಬಿಗಿಯಾಗುತ್ತಿತ್ತು.

ಚರ್ಮದ ಡಾಕ್ಟರಿಗೆ ತೋರಿಸಿದ್ದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇರುವಂಥದ್ದೇ, ನನ್ನದು ಬೇರೆ ಥರ ಎಂದರು. ಕೂದಲಿನ ಬುಡವೇ ಚಿಕ್ಕದಾಗುತ್ತಾ ಹೋಗುತ್ತದಂತೆ. ಹಾಗಾಗಿ ಹೊಸದಾಗಿ ಹುಟ್ಟುವ ಕೂದಲು ಪ್ರತಿ ಸಲ ಇನ್ನಷ್ಟು ತೆಳ್ಳಗೆ ಬರುತ್ತದೆ. ಹೆಂಗಸರಲ್ಲಿ ಇದು ಬೈತಲೆಯ ಸುತ್ತ ಜಾಸ್ತಿ, ಹಣೆಯ ಅಂಚಿನ ಕೂದಲು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಕಬ್ಬಿಣಾಂಶ, ಥೈರಾಯ್ಡ್ ಎರಡನ್ನೂ ರಕ್ತದಲ್ಲಿ ಪರೀಕ್ಷೆ ಮಾಡಿಸಿದರು. ನೆತ್ತಿಗೆ ಹಚ್ಚಲು ಮಿನಾಕ್ಸಿಡಿಲ್ ಅನ್ನುವ ಔಷಧಿ ಕೊಟ್ಟು, ಆರು ತಿಂಗಳಾದರೂ ತಾಳ್ಮೆ ಬೇಕು ಎಂದರು. ಈಗಲೂ ಹಚ್ಚುತ್ತಿದ್ದೇನೆ. ನೀವೂ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಟಾಪರ್ ಯೋಚನೆ ಮಾಡಿ. ಕೆಲವರಿಗೆ ಕಬ್ಬಿಣಾಂಶ ಸರಿಹೋದರೆ ಸಾಕು, ಕೂದಲೂ ಸರಿಹೋಗುತ್ತದೆ.

ಟಾಪರ್ ಅಂದರೆ ಅರ್ಧ ವಿಗ್. ತಲೆಯನ್ನೆಲ್ಲ ಮುಚ್ಚುವುದಿಲ್ಲ, ನೆತ್ತಿಯ ಭಾಗವನ್ನಷ್ಟೇ ಮುಚ್ಚುತ್ತದೆ. ಕೆಳಗೆ ನಾಲ್ಕೈದು ಚಿಕ್ಕ ಕ್ಲಿಪ್ ಹೊಲಿದಿರುತ್ತಾರೆ. ನಮ್ಮ ಕೂದಲಿಗೆ ಅವು ಕಚ್ಚಿಕೊಳ್ಳುತ್ತವೆ. ಪಕ್ಕದಲ್ಲಿ, ಹಿಂದೆ ನಮ್ಮ ಕೂದಲು ಗಟ್ಟಿಯಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಪೂರ್ತಿ ಉದುರಿದವರಿಗೆ ಇಡೀ ವಿಗ್ ಬೇಕಾಗುತ್ತದೆ.

ನನ್ನ ಮೊದಲ ತಪ್ಪು ಆಸೆಯದು. ಹದಿನೆಂಟು ವರ್ಷದಲ್ಲಿದ್ದ ಕೂದಲು ಮತ್ತೆ ಬೇಕು ಅನ್ನಿಸಿತು. 150 ಡೆನ್ಸಿಟಿಯ ಟಾಪರ್ ಕೇಳಿದೆ, ಅಂದರೆ ಕೂದಲು ತುಂಬ ಒತ್ತಾಗಿ ಕಟ್ಟಿದ್ದು. ಅಂಗಡಿಯವರು ಬೇಡ ಅನ್ನಲಿಲ್ಲ. ನನ್ನದೇ ಕೂದಲು ಎಷ್ಟಿದೆ, ಅದರ ಜೊತೆ ಇದು ಹೊಂದುತ್ತದಾ ಅಂತ ಒಂದು ಮಾತು ಕೇಳಬಹುದಿತ್ತು, ಅದು ಇವತ್ತಿಗೂ ಬೇಸರ. ಮನೆಗೆ ತಂದು ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ಹಾಕಿಕೊಂಡೆ. ನೆತ್ತಿಯ ಮೇಲೆ ಗುಡ್ಡದ ಹಾಗೆ ಎದ್ದು ನಿಂತಿತ್ತು. ಬೈತಲೆ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನೇರ. ಭುಜದ ಹತ್ತಿರ ನನ್ನ ತೆಳ್ಳನೆಯ ಕೂದಲು ಮುಗಿದು, ಅದರದು ದಪ್ಪವಾಗಿ ಕೆಳಗೆ ಇಳಿದಿತ್ತು. ಮಗಳು ಒಳಗೆ ಬಂದು ಒಂದು ಕ್ಷಣ ಸುಮ್ಮನೆ ನಿಂತಳು. "ಚೆನ್ನಾಗಿದೆ ಅಮ್ಮಾ, ಆದ್ರೆ ನೀನು ಅನ್ನಿಸ್ತಿಲ್ಲ" ಅಂದಳು. ಅವತ್ತು ರಾತ್ರಿ ಅದನ್ನು ಡಬ್ಬಿಗೆ ಹಾಕಿ ಬೀರುವಿನ ಮೇಲಿಟ್ಟೆ. ಹತ್ತು ದಿನ ಮುಟ್ಟಲಿಲ್ಲ.

ಮಗಳ ಮಾತಿನಲ್ಲೇ ದಾರಿ ಇತ್ತು ಅಂತ ಆಮೇಲೆ ಹೊಳೆಯಿತು. ನಾನು ಕೇಳಬೇಕಿದ್ದಿದ್ದು ಒಳ್ಳೆಯ ಕೂದಲು ಎಲ್ಲಿದೆ ಅಂತ ಅಲ್ಲ, ಐದು ವರ್ಷದ ಹಿಂದಿನ ನನ್ನ ಕೂದಲು ಹೇಗಿತ್ತು ಅಂತ. ಹಳೆಯ ಫೋಟೋಗಳನ್ನು ಹುಡುಕಿದೆ. ಆಗಲೂ ನನ್ನದು ಸಾಧಾರಣ ಕೂದಲೇ. ಬೈತಲೆ ಸ್ವಲ್ಪ ಎಡಕ್ಕೆ, ಹಣೆಯ ಮೇಲೆ ಒಂದೆರಡು ಎಳೆ ಇಳಿದಿದ್ದವು. ಆ ಫೋಟೋ ತೆಗೆದುಕೊಂಡು ವಿಗ್ ಕತ್ತರಿಸಿ ಅನುಭವ ಇರುವ ಒಬ್ಬರ ಹತ್ತಿರ ಹೋದೆ. ಅವರು ಮೊದಲು ಹೇಳಿದ್ದು, "ಕೈಯಲ್ಲಿ ಹಿಡ್ಕೊಂಡು ಕತ್ತರಿಸೋದು ಬೇಡ, ನಿಮ್ಮ ತಲೆ ಮೇಲೆ ಹಾಕಿಯೇ ಕತ್ತರಿಸೋಣ." ಒಂದೇ ದಿನ ಮುಗಿಸಲಿಲ್ಲ. ಮೊದಲ ಸಲ ಸ್ವಲ್ಪ ತೆಳ್ಳಗೆ ಮಾಡಿ ಕಳಿಸಿದರು, ವಾರ ಹಾಕಿ ನೋಡಿ ಬನ್ನಿ ಎಂದರು. ಎರಡನೆಯ ಸಲ ಮುಖದ ಪಕ್ಕದ ಎಳೆಗಳನ್ನು ನನ್ನ ಕೂದಲಿನ ಉದ್ದಕ್ಕೆ ಇಳಿಜಾರಾಗಿ ಕತ್ತರಿಸಿದರು. ಟಾಪರಿನ ಕೂದಲು ಮತ್ತೆ ಬೆಳೆಯುವುದಿಲ್ಲ ಅಲ್ವಾ, ಆ ನಿಧಾನವೇ ನನ್ನ ಟಾಪರನ್ನು ಉಳಿಸಿತು.

ಬೈತಲೆಯ ನೇರ ಗೆರೆಗೂ ಅವರೇ ಉಪಾಯ ಹೇಳಿಕೊಟ್ಟರು. ಚೂಪು ಬಾಲದ ಬಾಚಣಿಗೆಯಿಂದ ಗೆರೆಯನ್ನು ಅಲ್ಲಲ್ಲಿ ಸ್ವಲ್ಪ ಸೊಟ್ಟ ಮಾಡಬೇಕು. ಆಮೇಲೆ ನಮ್ಮ ಚರ್ಮದ ಬಣ್ಣದ ಪೌಡರನ್ನು ಚಿಕ್ಕ ಬ್ರಷ್‌ನಲ್ಲಿ ಬೈತಲೆಯ ಉದ್ದಕ್ಕೂ ತಟ್ಟಬೇಕು. ಹೊಸ ಟಾಪರಿನ ಬೇಸ್, ಅಂದರೆ ಕೂದಲು ಕಟ್ಟಿರುವ ತಳ, ಬಟ್ಟೆಯ ಹಾಗೆ ಬಿಳಿಯಾಗಿ ಕಾಣುತ್ತದೆ. ಪೌಡರ್ ಹಾಕಿದ ತಕ್ಷಣ ಅದು ಚರ್ಮವೇ ಅನ್ನಿಸಿತು. ಅಷ್ಟು ಚಿಕ್ಕ ಕೆಲಸಕ್ಕೆ ಅಷ್ಟು ವ್ಯತ್ಯಾಸ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ.

ಅಳತೆಯ ವಿಷಯ ಒಂದು ಹೇಳಿಬಿಡುತ್ತೇನೆ. ತೆಳ್ಳಗಾದ ಜಾಗವನ್ನಷ್ಟೇ ಅಳೆದು ಅದಕ್ಕೆ ಸರಿಯಾಗಿ ಬೇಸ್ ತೆಗೆದುಕೊಂಡರೆ ಕ್ಲಿಪ್‌ಗಳು ಅದೇ ಬಡಕಲು ಕೂದಲಿಗೆ ಕಚ್ಚಿಕೊಳ್ಳುತ್ತವೆ. ಸುತ್ತಲೂ ಗಟ್ಟಿ ಕೂದಲಿನ ಮೇಲೆ ಒಂದು ಸೆಂಟಿಮೀಟರಾದರೂ ದಾಟಿ ಬರಬೇಕು. ಟಾಪರಿನ ಬಣ್ಣವನ್ನು ನಿಮ್ಮ ಕೂದಲಿನ ತುದಿಯ ಜೊತೆ ಹೋಲಿಸಿ, ಅದೂ ಕಿಟಕಿಯ ಹತ್ತಿರ, ಹಗಲಿನಲ್ಲಿ.

ಕತ್ತರಿಸಿ ತಂದ ಮೇಲೂ ನೇರ ಹೊರಗೆ ಹೋಗಲಿಲ್ಲ. ಮನೆಯಲ್ಲೇ ಹಾಕಿಕೊಂಡು ಕೆಲಸ ಮಾಡಬೇಕು ಅಂತ ನಿರ್ಧರಿಸಿದೆ. ಇದೊಂದೇ ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡಿತು. ಕನ್ನಡಿ ಮುಂದೆ ಕೂತರೆ ತಪ್ಪು ಹುಡುಕುತ್ತಾ ಕೂರುತ್ತೇವೆ. ಪಾತ್ರೆ ತೊಳೆಯಲು, ನೆಲ ಒರೆಸಲು, ಬಟ್ಟೆ ಮಡಚಲು ಶುರು ಮಾಡಿದರೆ ತಲೆಗೆ ಬೇರೆ ಯೋಚನೆ ಸಿಗುತ್ತದೆ. ಮೊದಲ ದಿನ ಒಂದು ಗಂಟೆ, ಮಾರನೆಯ ದಿನ ಎರಡು. ಬಗ್ಗಿದೆ, ಎದ್ದೆ, ಮಂಚದ ಕೆಳಗೆ ಕೈಹಾಕಿದೆ, ಫ್ಯಾನ್ ಜೋರಾಗಿ ಹಾಕಿ ಅದರ ಕೆಳಗೆ ನಿಂತೆ. ಏನೂ ಬೀಳಲಿಲ್ಲ. ಬೀಳುವುದಿಲ್ಲ ಅಂತ ಬೇರೆಯವರು ನೂರು ಸಲ ಹೇಳಿದರೂ ಬಾರದ ಧೈರ್ಯ ಆ ಫ್ಯಾನ್ ಕೆಳಗೆ ಬಂತು. ನನ್ನದು ಮನುಷ್ಯರ ಕೂದಲಿನ ಟಾಪರ್, ಹಾಗಾಗಿ ಒಲೆಯ ಹಬೆಗೆ ಹೆದರಲಿಲ್ಲ. ಸಾಮಾನ್ಯ ಸಿಂಥೆಟಿಕ್ ಕೂದಲಾದರೆ ಬಿಸಿ ಹಬೆ ತಾಗಿದರೂ ಸುರುಟಿಕೊಳ್ಳುತ್ತದೆ. ಒಲೆ ಮುಂದೆ ಅದನ್ನು ಹಾಕಿಕೊಳ್ಳಬೇಡಿ.

ಮೂರನೆಯ ದಿನ ತಲೆನೋವು ಬಂತು. ಕಿವಿಯ ಮೇಲೆ, ಎರಡೂ ಕಡೆ, ಚುಚ್ಚಿದ ಹಾಗೆ. ಇದು ಅಭ್ಯಾಸವಾಗುವ ನೋವು ಅಂದುಕೊಂಡು ಸಹಿಸಿದ್ದು ನನ್ನ ತಪ್ಪು. ಕ್ಲಿಪ್ ಹಾಕುವ ರೀತಿಯೇ ಸರಿ ಇರಲಿಲ್ಲ. ಮೊದಲು ಮುಂದಿನ ಕ್ಲಿಪ್ ಹಾಕಿ, ಆಮೇಲೆ ಹಿಂದಿನದನ್ನು ಎಳೆದು ಬಿಗಿಯಾಗಿ ಕೂರಿಸುತ್ತಿದ್ದೆ. ಹಾಗಾಗಿ ಇಡೀ ಬೇಸ್ ಡೋಲಿನ ಚರ್ಮದ ಹಾಗೆ ಎಳೆದುಕೊಂಡಿರುತ್ತಿತ್ತು.

ಈಗ ಹೀಗೆ ಮಾಡುತ್ತೇನೆ. ಎಲ್ಲ ಕ್ಲಿಪ್ ತೆರೆದು, ಟಾಪರನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಯ ಕೂದಲಿನ ಅಂಚಿನಿಂದ ಒಂದು ಬೆರಳು ಹಿಂದಕ್ಕೆ ಇಡುತ್ತೇನೆ. ಮುಂದಿನ ಕ್ಲಿಪ್‌ನ ಹಲ್ಲು ಕೂದಲಿನ ಬುಡದೊಳಗೆ ಜಾರಿದ ಮೇಲೆ ಎರಡು ಬೆರಳಲ್ಲಿ ಒತ್ತುತ್ತೇನೆ. ಟಕ್ ಅಂತ ಸದ್ದು ಬರಬೇಕು. ಆಮೇಲೆ ಬೇಸನ್ನು ಅಂಗೈಯಲ್ಲಿ ಮೆಲ್ಲಗೆ ನೇವರಿಸಿ, ಅದು ತಾನಾಗಿ ಎಲ್ಲಿ ಕೂರುತ್ತದೋ ಅಲ್ಲೇ ಹಿಂದಿನದು, ಪಕ್ಕದ್ದು. ಎಳೆಯುವುದೇ ಇಲ್ಲ. ಕೊನೆಗೆ ಬಾಚಣಿಗೆಯ ಬಾಲದಿಂದ ಹಣೆಯ ಅಂಚಿನ ನನ್ನದೇ ಕೂದಲನ್ನು ಸ್ವಲ್ಪ ಮೇಲೆತ್ತಿ ಟಾಪರಿನ ಜೊತೆ ಬೆರೆಸುತ್ತೇನೆ. ಹಣೆಯ ಮೇಲೆ ಕಾಣುವುದು ನನ್ನ ಕೂದಲು, ಹಿಂದೆ ತುಂಬಿಕೊಂಡಿರುವುದು ಅದರದು. ಮೊದಲ ದಿನ ಇಪ್ಪತ್ತೈದು ನಿಮಿಷ ಹಿಡಿದಿತ್ತು, ಕೈಸೋತು ಹೋಗಿತ್ತು. ಈಗ ಮೂರು ನಿಮಿಷ ಸಾಕು. ತಲೆನೋವು ಮತ್ತೆ ಬರಲಿಲ್ಲ. ನೋವು ಬಂದರೆ ತೆಗೆದುಬಿಡಿ, ಅದು ಏನೋ ಸರಿಯಿಲ್ಲ ಅಂತ ಹೇಳುತ್ತಿದೆ.

ಎರಡನೆಯ ವಾರ ಕೆಲಸಕ್ಕೆ ಹಾಕಿಕೊಂಡು ಹೋದೆ. ಇಡೀ ದಿನ ಕೈ ತಲೆಗೇ ಹೋಗುತ್ತಿತ್ತು. ಯಾರಾದರೂ ನನ್ನ ಕಡೆ ನೋಡಿದರೆ ಕಣ್ಣು ನೆತ್ತಿಯ ಮೇಲೇ ಇದೆ ಅನ್ನಿಸುತ್ತಿತ್ತು. ಸಂಜೆ ಪಕ್ಕದ ಮೇಜಿನವರು, "ಏನ್ ಮೇಡಂ, ಹೇರ್‌ಕಟ್ ಮಾಡಿಸಿದ್ರಾ? ಚೆನ್ನಾಗಿ ಕಾಣ್ತಿದೀರ" ಅಂದರು. ಹೌದು ಅಂದುಬಿಟ್ಟೆ. ಸುಳ್ಳೇನೂ ಅಲ್ಲ, ಕತ್ತರಿಸಿದ್ದಂತೂ ನಿಜ. ಆದರೂ ಮನೆಗೆ ಬರುವವರೆಗೆ ಎದೆಯಲ್ಲಿ ಭಾರ ಇತ್ತು.

ಅದೇ ವಾರ ಒಂದು ಮೀಟಿಂಗಿನಲ್ಲಿ ಕೂತಿದ್ದೆ. ಕೆಳಗೆ ಬಿದ್ದ ಪೆನ್ ಎತ್ತಿಕೊಳ್ಳಲು ಬಗ್ಗಿದಾಗ ಎಡಗಡೆ ಟಕ್ ಅಂತ ಸದ್ದು. ಕ್ಲಿಪ್ ತೆರೆದುಕೊಂಡಿತ್ತು. ಕೈಕಾಲು ತಣ್ಣಗಾದವು. ಯಾರೂ ಕೇಳಿಸಿಕೊಂಡಿರಲಿಲ್ಲ, ಉಳಿದ ಮೂರು ಕ್ಲಿಪ್ ಗಟ್ಟಿಯಾಗಿ ಹಿಡಿದಿದ್ದವು, ಟಾಪರ್ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಆದರೂ ಎದ್ದು ಬಾತ್‌ರೂಮಿಗೆ ಹೋಗಿ ಹತ್ತು ನಿಮಿಷ ಬಾಗಿಲಿಗೆ ಒರಗಿ ನಿಂತಿದ್ದೆ. ಕಾರಣ ತುಂಬಾ ಸರಳ. ಅವತ್ತು ಬೆಳಿಗ್ಗೆ ತಲೆಗೆ ಸ್ನಾನ ಮಾಡಿದ್ದೆ. ಆಗಷ್ಟೇ ತೊಳೆದ ನುಣುಪು ಕೂದಲ ಮೇಲೆ ಕ್ಲಿಪ್ ಜಾರುತ್ತದೆ. ಈಗ ಹಿಂದಿನ ದಿನ ಸಂಜೆಯೇ ತಲೆ ತೊಳೆಯುತ್ತೇನೆ. ಕ್ಲಿಪ್ ಬರುವ ಜಾಗದಲ್ಲಿ ಕೂದಲನ್ನು ಬುಡದ ಕಡೆಗೆ ಎರಡು ಸಲ ಉಲ್ಟಾ ಬಾಚಿ ಒರಟು ಮಾಡಿಕೊಳ್ಳುತ್ತೇನೆ. ಆಮೇಲೆ ಒಂದು ಸಲವೂ ಕ್ಲಿಪ್ ಕೈಕೊಟ್ಟಿಲ್ಲ.

ಆ ಬಾಗಿಲ ಹಿಂದೆ ನಿಂತಾಗಲೇ ಇನ್ನೊಂದು ನಿರ್ಧಾರ ಮಾಡಿದೆ. ಕೆಲಸದ ಜಾಗದಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಮಾರನೆಯ ದಿನ ಊಟದ ಹೊತ್ತಿನಲ್ಲಿ, ಹೇರ್‌ಕಟ್ ಕೇಳಿದವರಿಗೇ ಹೇಳಿದೆ. "ಅದು ಹೇರ್‌ಕಟ್ ಅಲ್ಲ, ಟಾಪರ್ ಹಾಕ್ತಿದೀನಿ. ಎಲ್ಲಾದ್ರೂ ಸರಿದಿದ್ದು ಕಂಡ್ರೆ ಕಣ್ಸನ್ನೆ ಮಾಡಿ ಹೇಳ್ಬಿಡಿ." ಅವರು ನನ್ನ ಕೈ ಹಿಡಿದುಕೊಂಡು, ತಮ್ಮ ಅಕ್ಕನಿಗೂ ಹೀಗೇ ಆಗಿದೆ, ಎಲ್ಲಿ ಮಾಡಿಸಿದ್ರಿ ಅಂತ ಕೇಳಿದರು. ಅವತ್ತಿನಿಂದ ಕೈ ತಲೆಗೆ ಹೋಗುವುದು ಅರ್ಧಕ್ಕೆ ಅರ್ಧ ಕಡಿಮೆಯಾಯಿತು. ಎಲ್ಲರಿಗೂ ಹೇಳಬೇಕಿಲ್ಲ. ಒಬ್ಬರಿಗೆ ಹೇಳಿ ನೋಡಿ.

ಮನೆಯಲ್ಲಿ ಕಷ್ಟವಾಗಿದ್ದು ಸಂಜೆ ತೆಗೆಯುವಾಗ. ಇಡೀ ದಿನ ತುಂಬಿದ ತಲೆ ನೋಡಿ, ರಾತ್ರಿ ಕನ್ನಡಿಯಲ್ಲಿ ಅದೇ ಹಳೆಯ ಬೈತಲೆ ಕಂಡಾಗ ಮೊದಲಿಗಿಂತ ಜಾಸ್ತಿ ನೋವಾಗುತ್ತಿತ್ತು. ಇದರ ಬಗ್ಗೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಒಂದು ರಾತ್ರಿ ಏನೂ ಮಾತಾಡದೆ ಹಿಂದೆ ಬಂದು ಕೂತು, ಕ್ಲಿಪ್‌ಗಳನ್ನು ಒಂದೊಂದಾಗಿ ತೆರೆದು, ಬೆರಳ ತುದಿಯಿಂದ ನೆತ್ತಿ ಒತ್ತಿದರು. ಇಡೀ ದಿನ ಕಟ್ಟಿಹಾಕಿದ್ದ ಚರ್ಮಕ್ಕೆ ಎಷ್ಟು ಹಿತವಾಯಿತು ಅಂದರೆ ಕಣ್ಣು ಮುಚ್ಚಿಬಿಟ್ಟೆ. ಆಮೇಲಿನಿಂದ ಅದು ನಮ್ಮ ರಾತ್ರಿಯ ಪದ್ಧತಿ. ಹಾಕಿಕೊಂಡು ಮಲಗುವ ಮಾತೇ ಇಲ್ಲ. ದಿಂಬಿಗೆ ಉಜ್ಜಿ ಸಿಕ್ಕಾಗುತ್ತದೆ, ನಮ್ಮ ಕೂದಲೂ ಎಳೆದುಕೊಳ್ಳುತ್ತದೆ.

ತೊಳೆಯುವುದಕ್ಕೆ ಮೊದಲು ಭಯವಿತ್ತು, ಈಗ ಇಷ್ಟದ ಕೆಲಸ. ಹತ್ತು ಹನ್ನೆರಡು ಸಲ ಹಾಕಿದ ಮೇಲೆ ಒಮ್ಮೆ ಸಾಕು. ಒಣಗಿದ್ದಾಗಲೇ ತುದಿಯಿಂದ ಶುರು ಮಾಡಿ ಮೇಲಕ್ಕೆ ಸಿಕ್ಕು ಬಿಡಿಸುತ್ತೇನೆ. ಉಗುರುಬೆಚ್ಚನೆಯ ನೀರು, ಸಲ್ಫೇಟ್ ಇಲ್ಲದ ಶಾಂಪೂ, ಮೇಲಿನಿಂದ ಕೆಳಕ್ಕೆ ಮಾತ್ರ ಕೈಯಾಡಿಸುವುದು. ಟಾಪರಿನ ಕೂದಲಿಗೆ ತಲೆಯ ಜಿಡ್ಡು ಸಿಗುವುದಿಲ್ಲ, ಹಾಗಾಗಿ ಬೇಗ ಒರಟಾಗುತ್ತದೆ. ಕಂಡೀಷನರ್ ಬೇಕೇ ಬೇಕು, ಆದರೆ ಬೇಸ್‌ಗೆ ತಾಗಬಾರದು. ಒಂದೊಂದೇ ಎಳೆಯನ್ನು ಗಂಟು ಹಾಕಿ ಕಟ್ಟಿರುತ್ತಾರೆ, ಕಂಡೀಷನರ್ ಅಲ್ಲಿಗೆ ತಾಗಿದರೆ ಆ ಗಂಟು ಸಡಿಲವಾಗಿ ಕೂದಲು ಕಳಚಿಕೊಳ್ಳುತ್ತದೆ. ಹಿಂಡದೆ ಟವೆಲಿನಲ್ಲಿ ಒತ್ತಿ, ಸ್ಟ್ಯಾಂಡಿನ ಮೇಲೆ ನೆರಳಲ್ಲಿ ಒಣಗಿಸುತ್ತೇನೆ. ಬಣ್ಣ ಹಾಕಿದ ಕೂದಲು ಬಿಸಿಲಿಗೆ ಕೆಂಪಾಗುತ್ತದೆ. ಸ್ಕೂಟರಿನಲ್ಲಿ ಹೋಗುವಾಗ ಹೆಲ್ಮೆಟ್ ಒಳಗೆ ತೆಳುವಾದ ನುಣುಪು ಸ್ಕಾರ್ಫ್ ಕಟ್ಟಿಕೊಳ್ಳುತ್ತೇನೆ.

ಮೂರನೆಯ ವಾರದ ಕೊನೆಗೆ ಕೈ ತಲೆಗೆ ಹೋಗುವುದು ಹೆಚ್ಚುಕಡಿಮೆ ನಿಂತಿತು. ಯಾವ ದಿನ ನಿಂತಿತು ಅಂತ ಹೇಳಲಾರೆ.

ಕೆಲವು ತಿಂಗಳಾದ ಮೇಲೆ ಎಡಗಿವಿಯ ಮೇಲೆ, ಕ್ಲಿಪ್ ಕಚ್ಚುವ ಜಾಗದಲ್ಲಿ, ಕೂದಲು ಮುರಿದು ತೆಳ್ಳಗಾಗಿದ್ದು ಕಂಡಿತು. ದಿನಾ ಒಂದೇ ಕಡೆ ಎಳೆದರೆ ಹೀಗಾಗುತ್ತದೆ, ಹಾಗೇ ಬಿಟ್ಟರೆ ಬುಡವೇ ಸತ್ತು ಮತ್ತೆ ಬರದೆ ಹೋಗಬಹುದು ಎಂದು ಡಾಕ್ಟರ್ ಎಚ್ಚರಿಸಿದರು. ಅವತ್ತೇ ಆ ಕ್ಲಿಪ್‌ನ ಹೊಲಿಗೆ ಬಿಚ್ಚಿ ಅರ್ಧ ಇಂಚು ಹಿಂದಕ್ಕೆ ಹೊಲಿದೆ. ಈಗ ವಾರಕ್ಕೆ ಎರಡು ದಿನ ಟಾಪರ್ ಇಲ್ಲದೆ, ಸ್ಕಾರ್ಫ್ ಕಟ್ಟಿಕೊಂಡು ಇರುತ್ತೇನೆ. ಉಳಿದ ದಿನ ಬೈತಲೆಯನ್ನು ಒಂದಿಷ್ಟು ಅತ್ತಿತ್ತ ಸರಿಸಿ ಕ್ಲಿಪ್ ಜಾಗ ಬದಲಿಸುತ್ತೇನೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಿನ್ನೆ ರಾತ್ರಿ ನಮ್ಮ ಮನೆಯವರು ಕ್ಲಿಪ್ ತೆಗೆಯುತ್ತಾ ಆ ಜಾಗದಲ್ಲಿ ಬೆರಳಿಟ್ಟು, "ಇಲ್ಲಿ ಚುಚ್ತಾ ಇದೆ ನೋಡು" ಅಂದರು. ಕೈಯಿಟ್ಟು ನೋಡಿದೆ. ಉಗುರುದ್ದದ ಹೊಸ ಕೂದಲು, ನೆಟ್ಟಗೆ ನಿಂತಿತ್ತು.