ಸಾಫ್ಟ್‌ವೇರ್ ಕೆಟ್ಟಿದೆ ಅಂದ್ಕೊಂಡೆ, ಬಗ್ತಾ ಇದ್ದದ್ದು ಪ್ಲೇಟು

ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ದೊಂದು ಚಿಕ್ಕ ವರ್ಕ್‌ಶಾಪ್. ಮಂಡ್ಯದ ಒಂದು ರೈಸ್ ಮಿಲ್ಲಿಗೆ ಹಾಪರ್ (ಧಾನ್ಯ ತುಂಬೋ ದೊಡ್ಡ ಡಬ್ಬ) ಗೇಟ್ ಹಿಡಿದಿಟ್ಕೊಳ್ಳೋ ಎಲೆಕ್ಟ್ರೋಮ್ಯಾಗ್ನೆಟ್ ಮಾಡಿಕೊಟ್ಟಿದ್ದೆ, ಕರೆಂಟ್ ತೆಗೆದ್ರೆ ಗೇಟ್ ಬೀಳ್ಬೇಕು ಅಷ್ಟೇ. ಒಂದು ವಾರಕ್ಕೆ ಫೋನು. "ಬೆಳಗ್ಗೆ ಮೊದಲ್ನೇ ಸಲ ಬೀಳಾಕಿಲ್ಲ ಕಣ್ ಸಾ, ಮಧ್ಯಾನದ್ ಮ್ಯಾಕೆ ಚೆನ್ನಾಗೇ ಬೀಳ್ತದೆ." ಚಳಿಗೆ ಗ್ರೀಸ್ ಗಟ್ಟಿಯಾಗಿರ್ಬೇಕು ಅಂತ ಹೇಳಿ ತಪ್ಪಿಸ್ಕೊಂಡೆ.

ಆದ್ರೂ ಮನಸ್ಸು ಒಪ್ಪಲಿಲ್ಲ, ಹೋಗಿ ಬಿಚ್ಚಿ ನೋಡ್ದೆ. ಮ್ಯಾಗ್ನೆಟ್ ಎಳೆದು ಹಿಡ್ಕೊಳ್ಳೋ ಕಬ್ಬಿಣದ ಪ್ಲೇಟು 110 ಮಿಮೀ ಅಗಲ, 4 ಮಿಮೀ ದಪ್ಪ, ಅಂಚು ಮಾತ್ರ 0.15 ಮಿಮೀ ಹಿತ್ತಾಳೆ ರಿಂಗಿನ ಮೇಲೆ ಕೂರುತ್ತೆ, ನಡುವಿನ ಪೋಲಿಗೆ (ಮ್ಯಾಗ್ನೆಟ್ಟಿನ ಕಬ್ಬಿಣದ ತುದಿಗೆ) ತಾಗ್ಲೇಬಾರ್ದು, ಮಧ್ಯೆ ಅಷ್ಟು ಗ್ಯಾಪು ಇರ್ಬೇಕು. ಆದ್ರೆ ಪ್ಲೇಟಿನ ನಟ್ಟನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕನ್ನಡಿ ಥರ ಹೊಳೀತಿತ್ತು. ಕಬ್ಬಿಣಕ್ಕೆ ಕಬ್ಬಿಣ ಅಂಟಿದ್ರೆ ಕರೆಂಟ್ ಹೋದ್ಮೇಲೂ ಉಳಿಯೋ ಕಾಂತತ್ವವೇ ಹಿಡ್ಕೊಂಡಿರುತ್ತೆ.

ಮೊದ್ಲು ನಾನು ಫೆಮ್ (ಮ್ಯಾಗ್ನೆಟ್ ಲೆಕ್ಕ ಹಾಕೋ, ಪುಕ್ಕಟೆ ಸಿಗೋ 2ಡಿ ಸಾಫ್ಟ್‌ವೇರು) ಅಲ್ಲಿ ಹಾಕಿದ್ದಾಗ ಪ್ಲೇಟು ಬಗ್ಗೋದೇ ಇಲ್ಲ ಅಂದ್ಕೊಂಡಿದ್ದೆ. ಈ ಸಲ ಗ್ಯಾಪಿನ ನಡುವೆ ಗೆರೆ ಎಳೆದು ಫ್ಲಕ್ಸ್ ಡೆನ್ಸಿಟಿ (ಅಲ್ಲಿ ಕಾಂತಕ್ಷೇತ್ರ ಎಷ್ಟು ಜೋರು ಅನ್ನೋದು, ಟೆಸ್ಲಾದಲ್ಲಿ) ಓದಿ, ಅದರಿಂದ ಒತ್ತಡ ತೆಗ್ದೆ, 1 ಟೆಸ್ಲಾಗೆ ಚದರ ಸೆಂಟಿಮೀಟರಿಗೆ ಸುಮಾರು 4 ಕೆಜಿ, ಅರ್ಧ ಟೆಸ್ಲಾಗೆ ಅದರ ಕಾಲುಭಾಗ. ಒಂದು ಮಾತು: ಗ್ಯಾಪಿನೊಳಗೆ ಮೆಶ್ (ಲೆಕ್ಕಕ್ಕೆ ಜಾಗ ಚೂರು ಮಾಡೋ ಬಲೆ) ಆಟೋಗೆ ಬಿಡ್ಬೇಡಿ, ನಂಗೆ ಒಂದೇ ಪದರ ಹಾಕಿ ಸುಳ್ಳು ಲೆಕ್ಕ ಕೊಟ್ಟಿತ್ತು, ಆಮೇಲೆ 0.03 ಮಿಮೀ ಅಂತ ಕೈಯಾರೆ ಕೊಟ್ಟೆ. ಆ ಒತ್ತಡ ಕ್ಯಾಲ್ಕ್ಯುಲಿಕ್ಸಿಗೆ (ಲೋಹ ಎಷ್ಟು ಬಗ್ಗುತ್ತೆ ಅಂತ ಲೆಕ್ಕ ಹಾಕೋ ಸಾಫ್ಟ್‌ವೇರು) ಹಾಕಿದ್ರೆ ನಡುವೆ 0.07 ಮಿಮೀ ಬಗ್ತು. ಇನ್ನೂ 0.08 ಉಳೀತಲ್ಲ, ತಾಗಲ್ಲ ಅಂತ ಖುಷಿ. ಆದ್ರೆ ಬಗ್ಗಿದ ಪ್ಲೇಟು ಅಂದ್ರೆ ಗ್ಯಾಪು ಕಮ್ಮಿ, ಗ್ಯಾಪು ಕಮ್ಮಿ ಅಂದ್ರೆ ಎಳೆತ ಜಾಸ್ತಿ, ಹಂಗಾಗಿ ಬಗ್ಗಿದ ಆಕಾರ ವಾಪಸ್ ಫೆಮ್ಮಿಗೆ ಕೊಟ್ಟು ಸುತ್ತು ಹೊಡೆಸ್ದೆ. ಪ್ರತಿ ಸುತ್ತಿಗೂ ಇನ್ನಷ್ಟು ಬಗ್ತಾನೇ ಹೋಯ್ತು, ಕೊನೆಗೆ ಎರರ್! ಎರಡು ದಿನ ಈ ಸುತ್ತು ಓಡಿಸೋ ಸ್ಕ್ರಿಪ್ಟಲ್ಲಿ ತಪ್ಪು ಹುಡುಕಿದ್ದೇ ಹುಡುಕಿದ್ದು. ತಪ್ಪೇ ಇರ್ಲಿಲ್ಲ, ಪ್ಲೇಟು ನಿಜವಾಗ್ಲೂ ನಿಲ್ದೇ ಹೋಗಿ ಪೋಲಿಗೆ ಬಡೀತಿತ್ತು.

ಸರಿ, ಮಧ್ಯಾಹ್ನ ಯಾಕೆ ಬಿಡುತ್ತೆ? ಮ್ಯಾಗ್ನೆಟ್ಟಿನ ಕಾಯಿಲು ಅಂದ್ರೆ ತಾಮ್ರದ ತಂತಿ ಸುರುಳಿ, ಆನ್ ಇದ್ದಷ್ಟು ಹೊತ್ತೂ ಬಿಸಿಯಾಗುತ್ತೆ. ತಾಮ್ರ ಒಂದು ಡಿಗ್ರಿ ಬಿಸಿಯಾದ್ರೆ ರೆಸಿಸ್ಟೆನ್ಸ್ 0.39% ಏರುತ್ತೆ. ಕಾಯಿಲು 60 ಡಿಗ್ರಿ ಏರಿದ್ರೆ ಕರೆಂಟು ಹೆಚ್ಚುಕಮ್ಮಿ ಐದರಲ್ಲೊಂದು ಭಾಗ ಇಳಿಯುತ್ತೆ, ಎಳೆತ ಮೂರರಲ್ಲೊಂದು ಭಾಗ. ಬಿಸಿ ಕಾಯಿಲಿನ ಕರೆಂಟು ಹಾಕಿ ಅದೇ ಲೂಪ್ ಓಡಿಸ್ದಾಗ ಸದ್ದಿಲ್ದೆ ನಿಂತ್ಕೊಳ್ತು. ತಣ್ಣಗಿರೋ ಬೆಳಗಿನ ಕಾಯಿಲೇ ವಿಲನ್ನು. ಬಿಸಿ ಕಾಯಿಲಲ್ಲಿ ಎಳೆತ ಸಾಲುತ್ತಾ ಅಂತ ಮಾತ್ರ ನೋಡಿದ್ದೆ ನಾನು, ತಣ್ಣಗಿದ್ದಾಗ ಜಾಸ್ತಿ ಆಗುತ್ತೆ ಅನ್ನೋದು ತಲೆಗೇ ಬಂದಿರ್ಲಿಲ್ಲ.

6 ಮಿಮೀ ಪ್ಲೇಟ್ ಹಾಕ್ದೆ, ಬಿಗಿತ ದಪ್ಪದ ಘನಕ್ಕೆ ಏರೋದ್ರಿಂದ ಮೂರೂಕಾಲು ಪಟ್ಟಿಗಿಂತ ಜಾಸ್ತಿ, ತೂಕ ಮಾತ್ರ 150 ಗ್ರಾಂ ಏರ್ತು. ತಣ್ಣಗಿನ ಕಾಯಿಲಲ್ಲೂ ನಡುವೆ 0.02 ಚಿಲ್ಲರೆ ಬಗ್ಗಿ ನಿಂತ್ಕೊಳ್ತು. ಮಂಡ್ಯಕ್ಕೆ ಬೆಳಗ್ಗೆ ಆರಕ್ಕೇ ಹೋಗಿ ಕೂರಿಸಿ, ಐದು ನಿಮಿಷ ಆನ್ ಇಟ್ಟು ಆಫ್ ಮಾಡ್ದೆ, ಗೇಟು ದಡಾರಂತ ಬಿತ್ತು. ಮಿಲ್ಲಿನವರು ಕೇಳಿದ್ದು ಒಂದೇ, "ಗ್ರೀಸ್ ಬದಲಾಯಿಸಿದ್ರಾ ಸಾ?"